ಅಲುಗಾಡದ ಜಾಗ ಬೇಕಾಗಿದೆ

ನನ್ನ ಸಂಶೋಧನೆ ಅರೇಖೀಯ ದ್ಯುತಿವಿಜ್ಞಾನದಲ್ಲಿ ಎಂದೊಡನೆ ಎದುರಿಗಿದ್ದವರು "ಮತ್ತ, ಊಟ ಆತ್ರಿ?" ಎಂದು ಮಾತು ಬದಲಿಸುತ್ತಾರೆ. ಅವರದೇನೂ ತಪ್ಪಿಲ್ಲ, ನನಗೂ ಊಟದ ವಿಷಯವೇ ಹೆಚ್ಚು ಹಿತ. ಬಿಡಿಸಿ ಹೇಳಬೇಕೆಂದರೆ ನಾನು ಹರಳು ಬೆಳೆಸುವವನು. ಒಂದು ಸಾವಯವ ಪುಡಿಯನ್ನು ಕರಗಿಸಿ ಬೀಕರಿನಲ್ಲಿಟ್ಟರೆ, ದ್ರಾವಣ ನಿಧಾನಕ್ಕೆ ಆರುತ್ತಾ ತಳದಲ್ಲಿ ಹರಳು ಕಟ್ಟುತ್ತದೆ. ಅದರೊಳಗೆ ಕಣ್ಣಿಗೆ ಕಾಣದ ಲೇಸರ್ ಬಿಟ್ಟರೆ ಆಚೆಯಿಂದ ಹಸಿರು ಬೆಳಕು ಬರಬೇಕು. ಆದರೆ ಬೀಕರು ಅಲುಗಾಡಬಾರದು. ಅಲುಗಾಡಿತೋ, ಒಂದು ದೊಡ್ಡ ಹರಳಿನ ಬದಲು ಸಕ್ಕರೆಯಂಥ ಪುಡಿ ಸಿಗುತ್ತದೆ.

ಗೋಕಾಕದ ನಮ್ಮ ಕಾಲೇಜಿನಲ್ಲಿ ಅಲುಗಾಡದ ವಸ್ತುವೆಂದರೆ ನನ್ನ ಬಡ್ತಿಯ ಕಡತವೊಂದೇ. ಪ್ರಯೋಗಾಲಯದ ಕಿಟಕಿಯ ಕೆಳಗೇ ರಸ್ತೆ. ಕಬ್ಬಿನ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರು ಎಳೆಯುತ್ತಾ, ಸೀಟಿನ ಹಿಂದೆ ಆಳೆತ್ತರದ ಸ್ಪೀಕರು ಕಟ್ಟಿಕೊಂಡು ಹೋಗುವಾಗ ಬೀಕರಷ್ಟೇ ಅಲ್ಲ, ನನ್ನ ಹಲ್ಲೂ ನಡುಗುತ್ತವೆ. ನನ್ನದು ಹೇಗೋ ನಡೆಯುತ್ತಿತ್ತು. ಸಂಕಟವೆಲ್ಲ ನನ್ನ ವಿದ್ಯಾರ್ಥಿನಿ ರೇಣುಕಾಳದು. ಪ್ರಬಂಧ ಬರೆದು ಮುಗಿಸಿದ್ದರೂ ಉಗುರಿನಷ್ಟು ದೊಡ್ಡ ಒಂದು ತಿಳಿ ಹರಳಿಲ್ಲದೆ ಅವಳ ಪಿಎಚ್.ಡಿ. ನಿಂತುಬಿಟ್ಟಿತ್ತು. ಕೌಜಲಗಿಯಲ್ಲಿ ಕುರಿ ಸಾಕಿರುವ ಅವಳ ತಂದೆ ಒಂದು ದಿನ ಫೋನು ಮಾಡಿದರು. "ಸರ, ನಮ್ಮ ಕುರಿ ಎರಡ ಸಲ ಈದಾವ್ರಿ. ನಿಮ್ಮ ಹರಳ ಇನ್ನೂ ಬೆಳ್ಯಾಕತ್ತೈತೇನ್ರಿ?" ನನಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು, ಕುರಿಗಳ ಮೇಲೆ.

ಬೀಕರನ್ನು ತೊಡೆಯ ಮೇಲಿಟ್ಟುಕೊಂಡು ಮೂಡಲಗಿಯ ಮಾವನ ಮನೆಗೆ ಒಯ್ದೆ. ಅಲ್ಲಿ ಶಾಂತಿಯೇನೋ ಇತ್ತು. ಆದರೆ ಹರಳು ನೋಡಲು ನಾನು ಹೋದಾಗಲೆಲ್ಲ, ಅಳಿಯ ಬಂದನೆಂದು ಅತ್ತೆಯವರು ಹೋಳಿಗೆಗೆ ಇಡುವರು. ಹೂರಣ ರುಬ್ಬುವ ಯಂತ್ರ ಬಾಜೂ ಕೋಣೆಯಲ್ಲಿ ಗಡಗಡ ಎಂದರೆ ಗೋಡೆಯೇ ನಡುಗುತ್ತಿತ್ತು. ಬೇಡವೆಂದರೆ "ಹಂಗಂದ್ರ ಹ್ಯಾಂಗ್ರಿ?" ಎಂದು ಮುಖ ಸಣ್ಣ ಮಾಡುವರು. ನನ್ನ ಹೊಟ್ಟೆ ಬೆಳೆಯಿತು, ಹರಳು ಬೆಳೆಯಲಿಲ್ಲ.

ಕೊನೆಗೆ ಹುಕ್ಕೇರಿ ತಾಲ್ಲೂಕಿನ ಕಣಗಲಾದಲ್ಲಿರುವ ಅಕ್ಕನ ಮನೆಗೆ ಹೊಸ ಬೀಕರು ಹೋಯಿತು. ಟ್ರಂಕು ಇಡುವ ಕೋಣೆಯಲ್ಲಿಟ್ಟು, ಯಾರೂ ಮುಟ್ಟಕೂಡದು ಎಂದು ಅಪ್ಪಣೆ ಮಾಡಿದೆ. "ನಿನ್ನ ನೀರ ಮುಟ್ಟಾಕ ನಮಗ ಬ್ಯಾರೆ ಉದ್ಯೋಗ ಇಲ್ಲೇನು?" ಎಂದಳು ಅಕ್ಕ. ಹಿಂದೆಯೇ ಪರೀಕ್ಷೆ, ಮೌಲ್ಯಮಾಪನ ಎಂದು ನಾನು ಸಿಕ್ಕಿಹಾಕಿಕೊಂಡೆ. ಗೋಕಾಕದಿಂದಲೇ ಫೋನು ಮಾಡಿ ಪೀಡಿಸುತ್ತಿದ್ದೆ. ಅಕ್ಕ ಕೂತಲ್ಲಿಂದಲೇ "ಐತಿ ಐತಿ" ಎನ್ನುತ್ತಿದ್ದಳು.

ಕಡೆಗೊಮ್ಮೆ ರೇಣುಕಾಳೊಂದಿಗೆ ಹೋಗಿ ಮುಚ್ಚಳ ತೆಗೆದರೆ, ಅಬ್ಬಾ! ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ಹರಳು, ಗಾಜಿನಷ್ಟು ತಿಳಿ. ಹುಡುಗಿ ಅತ್ತೇಬಿಟ್ಟಳು. ನನ್ನ ಕಿವಿ ಮಾತ್ರ, ಬೀಕರು ಇಡುವ ಆತುರದಲ್ಲಿ ನಾನು ಲೆಕ್ಕಕ್ಕೇ ತೆಗೆದುಕೊಂಡಿರದ ಹೊರಗಿನ ಹೆದ್ದಾರಿಯ ಕಡೆಗಿತ್ತು.

"ಅಕ್ಕಾ, ಈ ಲಾರಿ ದಿನಾ ಹಿಂಗ ಓಡ್ತಾವೇನು?"

"ಹಗಲಾ ರಾತ್ರಿ ಓಡ್ತಾವು."

"ಮತ್ತ ಇದು ಹ್ಯಾಂಗ ಬೆಳೀತು?"

"ನೀ ಬರಲಿಲ್ಲಲ್ಲೋ!"

ರೇಣುಕಾ ಕಣ್ಣೊರೆಸಿಕೊಂಡು ನೆಲ ನೋಡುತ್ತಾ ಹೇಳಿದಳು: "ಖರೆ ಹೇಳ್ಲೇನ್ರಿ ಸರ? ಲ್ಯಾಬಿನ್ಯಾಗೂ ನೀವು ದಿನಾ ಬೀಕರ ಎತ್ತಿ, ಕಿಟಕಿ ಬೆಳಕಿಗೆ ಹಿಡದು, ವಾರೆ ಮಾಡಿ ನೋಡ್ತಿದ್ರಿ. ಗೈಡ್‌ಗೆ ಹ್ಯಾಂಗ ಹೇಳೂದಂತ ಸುಮ್ಮನಿದ್ದೆ."

ಪ್ರಬಂಧದಲ್ಲಿ ಅವಳು 'ಹರಳನ್ನು ಯಾವ ಅಡಚಣೆಯೂ ಇಲ್ಲದ ವಾತಾವರಣದಲ್ಲಿ ಬೆಳೆಸಲಾಯಿತು' ಎಂದು ಬರೆದಿದ್ದಾಳೆ. ಅದು ಅಕ್ಷರಶಃ ನಿಜವೆಂದು ಮಾರ್ಗದರ್ಶಕನಾಗಿ ನಾನೇ ಸಹಿ ಹಾಕಿಕೊಟ್ಟಿದ್ದೇನೆ.