ಮೀಸೆಯ ಮೇಲಿನ ನಲವತ್ತೇಳನೇ ಹೆಸರು

ರಾಯಚೂರಿನ ಹೊಲಿಗೆ ಉತ್ತೇಜನ ಮಂಡಳಿಯ ವೆಬ್‌ಸೈಟಿನಲ್ಲಿ ಅಧ್ಯಕ್ಷರಾದ ಶ್ರೀ ಉರುಕುಂದಪ್ಪನವರ ಭಾವಚಿತ್ರವು ಹಿನ್ನೆಲೆಯಾಗಿ ಪುಟದ ತುಂಬ ವ್ಯಾಪಿಸಿದೆ. ಹೊಲಿಗೆ ಯಂತ್ರ ಮಂಜೂರಾದವರ ಪಟ್ಟಿಯನ್ನು ಅವರ ಮುಖದ ಮೇಲೆ ಕಪ್ಪಕ್ಷರದಲ್ಲಿ ಪ್ರಕಟಿಸಲಾಗಿದೆ. ನಿಯಮ ಏಳರ ಪ್ರಕಾರ ಫಲಾನುಭವಿಯು ತನ್ನ ಹೆಸರನ್ನು ಪರದೆಯ ಮೇಲೆ ಸ್ವತಃ ಓದಿ ಸಹಿ ಹಾಕತಕ್ಕದ್ದು. ಶನಿವಾರದೊಳಗೆ ಓದದಿದ್ದರೆ ಯಂತ್ರ ರದ್ದು. ಈ ವಿಷಯದಲ್ಲಿ ಕೆಲವರು ವಿನಾಕಾರಣ ನಗುತ್ತಿರುವುದರಿಂದ ನಡೆದದ್ದನ್ನು ದಾಖಲಿಸಬೇಕಾಗಿದೆ.

ಮಾನ್ವಿಯ ಹಾಜಿರಾ ಬೀ ಅವರದು ನಲವತ್ತೇಳನೇ ಹೆಸರು. ಅದು ನೇರ ಮೀಸೆಯ ಮೇಲೆ ಬಿದ್ದಿತ್ತು. ಮೀಸೆಯೂ ಕಪ್ಪು, ದಟ್ಟ. ಆರು ವರ್ಷದಿಂದ ಸೀರೆಗಳಿಗೆ ಕೈಯಲ್ಲೇ ಫಾಲು ಹಚ್ಚಿ ಬೆರಳು ಒರಟಾಗಿದ್ದ ಆಕೆ ಬುಧವಾರ ಬಸ್ಸು ಹತ್ತಿ ಕಚೇರಿಗೆ ಬಂದು ಪರದೆಯನ್ನು ದಿಟ್ಟಿಸಿದರು.

"ಏನೂ ಕಾಣವಲ್ದುರೀ."

"ಹೆಸರು ಅದ ಯವ್ವಾ," ಎಂದರು ಗುಮಾಸ್ತ ಶರಣಯ್ಯ. "ಸಾಹೇಬ್ರ ಮೀಸ್ಯಾಗ ಅದ."

"ಮೀಸಿ ಸ್ವಲ್ಪ ಸರಸ್ರಿ."

"ಅದಕ್ಕ ಸಾಹೇಬ್ರ ಲಿಖಿತ ಒಪ್ಪಿಗಿ ಬೇಕಾಗ್ತದ."

ಹಾಜಿರಾ ಬೀಗೆ ಅಳುವೇ ಬಂತು. ಕಂಪ್ಯೂಟರ್ ನೋಡಿಕೊಳ್ಳುವ ಜಹೀರ್ ಉಪಾಯ ಹೇಳಿದ: ಹಿಂದಿನ ಚಿತ್ರವನ್ನಷ್ಟೇ ಅರ್ಧ ತೆಳುವಾಗಿಸಿದರೆ ಅಕ್ಷರಗಳು ಹಾಗೇ ಉಳಿಯುತ್ತವೆ, ಹತ್ತು ನಿಮಿಷದ ಕೆಲಸ. ಹತ್ತೇ ನಿಮಿಷದ ಕೆಲಸವಾದ್ದರಿಂದ ಕಡತ ತೆರೆಯಲಾಯಿತು. ವಿಷಯ: 'ಪುಟದ ಮುಖ್ಯ ಭಾಗಕ್ಕೆ ಧಕ್ಕೆಯಾಗದಂತೆ ಹಿನ್ನೆಲೆಯನ್ನು ಅರ್ಧ ಪಾರದರ್ಶಕಗೊಳಿಸುವ ಬಗ್ಗೆ.'

ಶುಕ್ರವಾರ ಸಭೆ ಸೇರಿತು. ಅಧ್ಯಕ್ಷರು ಪ್ರಸ್ತಾವವನ್ನು ತುಂಬುಹೃದಯದಿಂದ ಒಪ್ಪಿದರು. ಅವರಿಗಿದ್ದ ಸಂಶಯ ಒಂದೇ.

"ಇದರಾಗ ಮುಖ್ಯ ಭಾಗ ಯಾವುದ್ರೀ, ಹಿನ್ನೆಲೆ ಯಾವುದ್ರೀ?"

ಜಹೀರ್ ಬಾಯಿ ತೆರೆದ. ಶರಣಯ್ಯ ಅವನ ಕಾಲು ತುಳಿದರು.

"ಮುಖ್ಯ ಅಂದ್ರ ತಾವೇರೀ," ಎಂದರು ಕಾರ್ಯದರ್ಶಿ ಸುನಂದಾ. "ಹೆಸರು ಪ್ರತಿ ವರ್ಷ ಬದಲಾಗ್ತಾವ."

ಠರಾವು ಸರ್ವಾನುಮತದಿಂದ ಪಾಸಾಯಿತು. ಶನಿವಾರ ಬೆಳಿಗ್ಗೆ ಅಧ್ಯಕ್ಷರ ಮುಖ ಎಂದಿನಂತೆ ಗಾಢವಾಗಿತ್ತು, ಹೆಸರುಗಳು ಅರ್ಧ ಮಾಸಿದ್ದವು. ಮೀಸೆಯ ಮೇಲಿನ ಹೆಸರು ಈಗಲೂ ಕಾಣಲಿಲ್ಲ. ಗಲ್ಲದ ಮೇಲಿನವರದೂ ಹಣೆಯ ಮೇಲಿನವರದೂ ಸರಿಯಾಗಿ ಕಾಣದಾಯಿತು. ಹೀಗೆ ಬಹುದಿನದ ತಾರತಮ್ಯ ನಿವಾರಣೆಯಾಯಿತು.

ಆದರೂ ಮಂಡಳಿ ಯಾರ ಯಂತ್ರವನ್ನೂ ರದ್ದು ಮಾಡಲಿಲ್ಲ, ಅದಕ್ಕೂ ಕರುಳಿದೆ. ಮಧ್ಯಾಹ್ನವೇ ಸುತ್ತೋಲೆ ಹೊರಟಿತು: 'ಹೆಸರುಗಳು ಅರ್ಧ ಇರುವುದರಿಂದ ಎಲ್ಲರೂ ಅರ್ಧ ಓದಿರುವುದಾಗಿ ಭಾವಿಸತಕ್ಕದ್ದು. ಅರ್ಧ ಓದಿದವರಿಗೆ ಅರ್ಧ ಯಂತ್ರ. ಮಾನ್ವಿ ತಾಲೂಕಿಗೆ ಮೇಲ್ಭಾಗ, ದೇವದುರ್ಗಕ್ಕೆ ಕೆಳಭಾಗ.'

ಹಾಜಿರಾ ಬೀ ಕಚೇರಿಯಲ್ಲಿ ಕೊಟ್ಟ ಯಂತ್ರವನ್ನು ತಿರುಗಿಸಿ ನೋಡಿದರು. "ಪೆಡಲ್ ಎಲ್ರೀ?"

"ದೇವದುರ್ಗದ ವಿಜಯಲಕ್ಷ್ಮಿಗೆ ಹೋಗ್ಯದ," ಎಂದರು ಶರಣಯ್ಯ. "ಬರೇ ಸ್ಟ್ಯಾಂಡು ಸಿಕ್ಕರೂ ಆಕಿ ತಕರಾರ ಮಾಡಿಲ್ಲ ನೋಡು."

ಈಗ ಹಾಜಿರಾ ಬೀ ಪ್ರತಿ ಸೋಮವಾರ ಮೇಲ್ಭಾಗವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಸಿರವಾರದ ಮೂಲಕ ದೇವದುರ್ಗಕ್ಕೆ ಹೋಗುತ್ತಾರೆ. ವಿಜಯಲಕ್ಷ್ಮಿಯ ಮನೆಯಲ್ಲಿ ಇಬ್ಬರೂ ಭಾಗಗಳನ್ನು ಜೋಡಿಸಿ ಸರದಿಯ ಮೇಲೆ ಹೊಲಿಯುತ್ತಾರೆ. ಮೊದಲ ದಿನ ಕಂಡಕ್ಟರ್, ಆಕೆಗೆ ಪ್ರಯಾಣ ಉಚಿತವಾದರೂ ಯಂತ್ರಕ್ಕೆ ಲಗೇಜು ಟಿಕೆಟ್ ಕೇಳಿದ. ಹಾಜಿರಾ ಬೀ ಯಂತ್ರಕ್ಕೆ ಹೊದಿಸಿದ್ದ ಬಟ್ಟೆ ಸರಿಸಿ ತೋರಿಸಿದರು.

"ಅರ್ಧಾನೇ ಅದರೀ. ಅರ್ಧ ಟಿಕೇಟ ಹರೀರಿ."

ಕಂಡಕ್ಟರ್ ಬಗ್ಗಿ ನೋಡಿದ. ಕೆಳಭಾಗ ಇಲ್ಲದಿರುವುದನ್ನು ಖಚಿತಪಡಿಸಿಕೊಂಡು ಅರ್ಧ ಟಿಕೆಟ್ ಹರಿದ.