ಗಗನನೌಕೆ ಮತ್ತು ಮೈಕಿನವನ ಗಂಟಲು

ನಾಟಕ ಆಡಿಸ್ತೀನಿ ಅಂತ ಹೊರಟವನು ಎಡವಟ್ಟನ್ನ ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದೇ ವಿಳಾಸ ಕೇಳಿಕೊಂಡು ಮನೆಗೆ ಬರುತ್ತೆ. ತಿಪಟೂರಲ್ಲಿ ನನ್ನದೊಂದು ಸಣ್ಣ ಪ್ರೆಸ್ಸು. ಲಗ್ನಪತ್ರಿಕೆ, ತಿಥಿ ಕಾರ್ಡು, ಗೋಡೆ ಪೋಸ್ಟರು ಇವೇ ನನ್ನ ಸಾಹಿತ್ಯ ಸೇವೆ. ಇದರ ಜೊತೆಗೆ ವರ್ಷಕ್ಕೊಂದು ನಾಟಕ ಬರೆದು, ನಾನೇ ಕಲಿಸಿ, ನಾನೇ ಕಿರುಚಾಡಿ, ನಾನೇ ಬಿಪಿ ಏರಿಸಿಕೊಳ್ಳೋದು ಒಂದು ಚಟ. ನನ್ನ ಭೀಷ್ಮ ಶರಶಯ್ಯೆ ಮೇಲೆ ಗೊರಕೆ ಹೊಡೆದಿದ್ದಾನೆ. ನನ್ನ ಕೃಷ್ಣ ಗೀತೋಪದೇಶದ ನಡುವೆ ಮೂತ್ರಕ್ಕೆ ಹೋಗಿ, ಅರ್ಜುನ ಒಬ್ಬನೇ ರಥದಲ್ಲಿ ಕೈಮುಗಿದುಕೊಂಡು ಕಾಲು ಗಂಟೆ ನಿಂತಿದ್ದಾನೆ.

ಪೌರಾಣಿಕದ ಸಹವಾಸ ಸಾಕಾಗಿ ಈ ಸಲ ಗಗನನೌಕೆಯ ನಾಟಕ ಬರೆದೆ. ಭೂಮಿಯಿಂದ ಹೊರಟ ನೌಕೆ. ಅದನ್ನ ನಡೆಸೋ ಯಂತ್ರಕ್ಕೆ ಸ್ವಂತ ಬುದ್ಧಿ ಬಂದು, ಕ್ಯಾಪ್ಟನ್ ಹೇಳಿದ ಒಂದು ಮಾತನ್ನೂ ಕೇಳದೆ, ಒಳಗಿರೋರನ್ನ ಒಬ್ಬೊಬ್ಬರನ್ನಾಗಿ ಸಾಯಿಸುತ್ತೆ. ಯಂತ್ರಕ್ಕೆ ಮುಖ ಇಲ್ಲ, ಬರೀ ದನಿ. ನಮ್ಮೂರಲ್ಲಿ ದನಿ ಅಂದರೆ ಒಂದೇ: ಆಟೋ ಮೇಲೆ ಎರಡು ಹಾರನ್ ಕಟ್ಟಿಕೊಂಡು ಮೂವತ್ತು ವರ್ಷದಿಂದ ಊರು ಸುತ್ತೋ ಮೈಕಿನವನು. ನೀರು ಬರಲ್ಲ, ಕರೆಂಟಿಲ್ಲ, ಹಸು ಕಳೆದಿದೆ, ಇಂಥವರು ತೀರಿಕೊಂಡರು, ಎಲ್ಲಾ ಅವನೇ ಕೂಗಬೇಕು. ನಾನು ಅಚ್ಚು ಹಾಕ್ತಿದ್ದೆ, ಅವನು ಅದನ್ನೇ ಬೀದಿಬೀದೀಲಿ ಓದ್ತಿದ್ದ. ಈಗಿನೋರ ಥರ ರೆಕಾರ್ಡ್ ಹಾಕಿ ಬೀಡಿ ಸೇದಿಕೊಂಡು ಕೂರೋ ಜಾತಿಯಲ್ಲ.

ತಾರೀಕು

ಪಾತ್ರ ಒಪ್ಪಿಕೊಂಡ ವಾರಕ್ಕೇ ಅವನು ಪ್ಲಾಸ್ಟಿಕ್ ಕವರಿನಲ್ಲಿ ಆಸ್ಪತ್ರೆಯ ಫೈಲು ಹಿಡಿದುಕೊಂಡು ಪ್ರೆಸ್ಸಿಗೆ ಬಂದ. ಹಿಂದೆ ಅವನ ಹೆಂಡತಿ.

"ಗಂಟಲಲ್ಲಿ ಗಂಟೈತಂತೆ ಕಣಪ್ಪ. ಕೆಟ್ಟ ಗಂಟಂತೆ. ದನಿ ಪೆಟ್ಟಿಗೆ ಪೂರಾ ತೆಗೀಬೇಕು ಅಂದ್ರು ಡಾಕ್ಟ್ರು. ನಾನು ಇಷ್ಟು ವರ್ಷ ದನಿ ಪೆಟ್ಟಿಗೆ ಅಂದ್ರೆ ಆಟೋ ಮೇಲಿರೋದು ಅಂದ್ಕಂಡಿದ್ದೆ."

ನನಗೆ ನಗು ಬರಲಿಲ್ಲ. ಕೈಯಲ್ಲಿದ್ದ ಪ್ರೂಫು ಹಾಗೇ ಉಳಿಯಿತು. "ತೆಗೀದೇ ಇದ್ರೆ?" ಅಂದೆ.

"ತೆಗೀದೇ ಇದ್ರೆ ನನ್ ಸಾವು ಕೂಗಕ್ಕೆ ಬೇರೆ ಆಟೋ ನೋಡ್ಕಬೇಕು."

ನಾಲ್ಕು ವಾರ ಬಿಟ್ಟು ಒಂದು ಸೋಮವಾರ ಆಪರೇಶನ್ ಗೊತ್ತಾಗಿತ್ತು. ಅಲ್ಲೀತನಕ ಗಂಟಲಿಗೆ ಕೆಲಸ ಕಡಿಮೆ ಕೊಡಿ ಅಂದಿದ್ದರಂತೆ. ಆಮೇಲೆ ಮಾತಿಲ್ಲ, ಸಾಯೋವರೆಗೂ ಇಲ್ಲ. ನಾಟಕ ಇದ್ದದ್ದು ಇನ್ನೂ ಎರಡು ತಿಂಗಳಿಗೆ. ನಾನು ಪಾತ್ರ ಬೇರೆಯವರಿಗೆ ಕೊಡ್ತೀನಿ, ನೀನು ಆರಾಮಾಗಿರು ಅಂದೆ. ಅವನಿಗೆ ಕೋಪ ಬಂತು.

"ಮೂವತ್ತು ವರ್ಷ ಕಂಡೋರ ವಿಷ್ಯ ಕೂಗಿವ್ನಿ. ಒಬ್ಬರಾದ್ರೂ ನಿಂತ್ಕಂಡು ಕೇಳವ್ರಾ? ಕಿಟಕಿ ಹಾಕ್ಕಂಡೋರೇ ಜಾಸ್ತಿ. ಒಂದ್ಸಲ, ಒಂದೇ ಸಲ, ಜನ ನನ್ ದನಿ ಕೇಳಕ್ಕೆ ಅಂತ್ಲೇ ಬಂದು ಕೂತ್ಕಬೇಕು. ಆಮೇಲ್ ತೆಕ್ಕಳ್ಳಿ."

ನಾಟಕವನ್ನ ಆ ಸೋಮವಾರದ ಹಿಂದಿನ ಶನಿವಾರ ಸಂಜೆಗೆ ಎಳೆದು ತಂದೆ. ಪೇಪರ್ ಬಂಡಲ್ ಮೇಲೆ ಕೂತಿದ್ದ ಅವನ ಹೆಂಡತಿ ಸೆರಗಲ್ಲಿ ಮುಖ ಒರೆಸಿಕೊಂಡು ಅಂದಳು: "ಮದುವೆಯಾದಾಗ್ಲಿಂದ ದೇವ್ರಿಗೆ ಹೇಳ್ಕಂಡಿದ್ದೆ ಕಣಣ್ಣ, ಈ ಮನುಷ್ಯಂದು ಬಾಯ್ ಮುಚ್ಸಪ್ಪಾ ಅಂತ. ಹಾಳಾದ್ ದೇವ್ರು, ಈಗ್ ಕೇಳಿಸ್ಕಂತು ನೋಡು."

ಸಹಕರಿಸಬೇಕಾಗಿ ವಿನಂತಿ

ತಾಲೀಮು ನಡೆದದ್ದು ಒಬ್ಬ ಕೊಬ್ಬರಿ ವ್ಯಾಪಾರಿಯ ಹಳೇ ಗೋಡೌನಿನಲ್ಲಿ. ಜಾಗ ಅವನದು, ಹಾಗಾಗಿ ಕ್ಯಾಪ್ಟನ್ನೂ ಅವನೇ. ಮೇಲೆ ಅಟ್ಟದ ತುಂಬ ಕೊಬ್ಬರಿಯಾಗಲು ಒಣಗ್ತಿರೋ ಕಾಯಿ. ಯಂತ್ರದ ದನಿ ಮೇಲಿಂದಲೇ ಬರಬೇಕು ಅಂತ ನಾನು ಹಟ ಮಾಡಿದ್ದಕ್ಕೆ ಮೈಕಿನವನು ಮೈಕು ಹಿಡಿದು ಏಣಿ ಹತ್ತಿ ಕಾಯಿ ರಾಶಿ ಮೇಲೆ ಕೂತ. ಅವನು ಕದಲಿದಾಗೆಲ್ಲ ಕಾಯಿ ಗಡಗಡ ಉರುಳಿ, ನೌಕೆಗೆ ಇಂಜಿನ್ನಿನ ಸದ್ದು ಬಿಟ್ಟಿಯಾಗಿ ಸಿಕ್ಕಿತು.

ಕ್ಯಾಪ್ಟನ್ ಕೆಳಗಿಂದ ಗರ್ಜಿಸಿದ: "ಎಲೈ ಯಂತ್ರವೇ! ಬಾಗಿಲು ತೆರೆ!"

ನಾನು ಬರೆದಿದ್ದ ಉತ್ತರ ಎರಡೇ ಸಾಲು. "ತೆರೆಯುವುದಿಲ್ಲ. ನೀವು ಸಾಯುತ್ತೀರಿ." ಓದಿದರೆ ಬೆನ್ನಲ್ಲಿ ಚಳಿ ಹುಟ್ಟಬೇಕು ಅಂತ ಮೂರು ದಿನ ತಿದ್ದಿದ ಸಾಲು. ಅಟ್ಟದಿಂದ ಬಂದದ್ದು ಹೀಗೆ:

"ಆತ್ಮೀಯ ಪ್ರಯಾಣಿಕ ಬಂಧುಗಳ ಗಮನಕ್ಕೆ! ತಾಂತ್ರಿಕ ಕಾರಣಗಳಿಂದಾಗಿ ನೌಕೆಯ ಬಾಗಿಲನ್ನು ತೆರೆಯಲಾಗುವುದಿಲ್ಲ. ತಾವೆಲ್ಲರೂ ಇಂದು ಸಂಜೆಯೊಳಗಾಗಿ ಸಾಯಲಿದ್ದು, ಸರ್ವರೂ ಸಹಕರಿಸಬೇಕಾಗಿ ವಿನಂತಿ!"

ಕ್ಯಾಪ್ಟನ್ ನೆಲದ ಮೇಲೆ ಕೂತೇಬಿಟ್ಟ. ನನಗೆ ಮೈಯೆಲ್ಲ ಉರಿದುಹೋಯಿತು. "ಅದು ಯಂತ್ರ ಕಣಯ್ಯ! ಕೊಲೆಗಡುಕ ಯಂತ್ರ! ವಿನಂತಿ ಗಿನಂತಿ ಮಾಡಲ್ಲ, ಅದಕ್ಕೆ ಮಾನ ಮರ್ಯಾದೆ ಏನೂ ಇಲ್ಲ!" ಅಂತ ಅಟ್ಟಕ್ಕೆ ಕೇಳೋ ಹಾಗೆ ಅರಚಿದೆ.

ಮೇಲಿಂದ ಒಂದು ಮುಖ ಬಗ್ಗಿ ನೋಡಿತು. "ಸಾಯೋ ವಿಷ್ಯ ನಾನು ಎಷ್ಟು ಕೂಗಿವ್ನಿ ಗೊತ್ತೇನಪ್ಪ? ಒಂದ್ಸಲಾನೂ ಮರ್ಯಾದೆ ಬುಟ್ಟಿಲ್ಲ. ನನ್ ಡಾಕ್ಟ್ರು ಬುಟ್ರು ನೋಡು, ಫೋನ್ ನೋಡ್ಕಂಡೇ ಹೇಳ್ಬುಟ್ರು."

ನಾನು ಪೆನ್ನು ತೆಗೆದು ವಿನಂತಿಯನ್ನ ನಾಟಕದೊಳಕ್ಕೆ ಸೇರಿಸಿದೆ.

ಹಾಳೆಯ ಎರಡು ಮಗ್ಗುಲು

ದನಿ ಉಳಿಸಬೇಕಲ್ಲ, ತಾಲೀಮಿನ ಹೊರಗೆ ಅವನು ಬಾಯಿ ಬಿಡೋದು ನಿಲ್ಲಿಸಿದ. ಕೊರಳಿಗೊಂದು ಸ್ಲೇಟು, ಜೇಬಲ್ಲಿ ಬಳಪ. ಅಷ್ಟರಲ್ಲಿ ಹೊನ್ನವಳ್ಳಿ ರಸ್ತೆಯ ತೋಟದ ಮನೆಯ ಹಿರೀಕರೊಬ್ಬರು ತೀರಿಕೊಂಡರು. ಮಗ ಪ್ರೆಸ್ಸಿಗೆ ಬಂದು, "ನಮ್ಮಪ್ಪ ಇವರ ಕೈಲೇ ಕೂಗಿಸ್ಬೇಕು ಅಂತ ಹೇಳಿ ಸತ್ತವ್ರೆ ಕಣ್ರೀ" ಅಂತ ನಿಂತ. ಮೈಕಿನವನು ನನ್ನ ಮುಖ ನೋಡಿ ಸ್ಲೇಟಲ್ಲಿ ಬರೆದ: "ನೀನು ಕೂಗು. ನಾನು ಓಡಿಸ್ತೀನಿ."

ಪ್ರೆಸ್ಸಿನವನು ಹೊಸ ಹಾಳೆ ಮುಟ್ಟೋದುಂಟೇ? ಕೈಗೆ ಸಿಕ್ಕ ಹಾಳೆ ಹಿಂದೆ ವಿಷಯ ಗೀಚಿಕೊಂಡು ಆಟೋ ಹತ್ತಿದೆ. ಮೊದಲ ಬೀದಿ ಬಂತು, ಮೈಕು ಹಿಡಿದೆ. ಓದಿದೆ: "ಶ್ರೀಯುತರು ಇಂದು ಬೆಳಿಗ್ಗೆ ದೈವಾಧೀನರಾಗಿದ್ದು, ಅವರು ಮಧ್ಯಾಹ್ನ ಮೂರು ಗಂಟೆಗೆ ತಮ್ಮ ತೋಟದಿಂದ..." ಅಲ್ಲಿಗೆ ಆಟೋ ಗುಂಡಿಗೆ ಇಳಿಯಿತು, ಹಾಳೆ ಮಗುಚಿತು, ನನ್ನ ಬಾಯಿ ನಿಲ್ಲಲಿಲ್ಲ. "...ನೌಕೆಯಲ್ಲಿ ಹೊರಡಲಿದ್ದಾರೆ. ಬೆಲ್ಟ್ ಬಿಗಿದುಕೊಳ್ಳಿ. ಭೂಮಿಗೆ ಮರಳುವ ವ್ಯವಸ್ಥೆ ಇರುವುದಿಲ್ಲ!"

ತರಕಾರಿ ಮಾರೋಳು ತಕ್ಕಡಿ ಹಿಡಿದುಕೊಂಡೇ ಆಕಾಶ ನೋಡಿದಳು. ಮುಂದಿನ ಸೀಟಲ್ಲಿ ಮೈಕಿನವನ ಭುಜ ಕುಣೀತಿತ್ತು. ಸದ್ದು ಮಾಡದೆ ನಗೋಕೆ ಅವನಿಗೆ ಅಭ್ಯಾಸ ಇಲ್ಲ. ನಗು ಕೆಮ್ಮಾಯಿತು, ಆಟೋ ಪಕ್ಕಕ್ಕೆ ನಿಲ್ಲಿಸಿ ಟವೆಲ್ ಬಾಯಿಗೆ ಹಿಡಿದ. ತೆಗೆದಾಗ ಟವೆಲ್ ಮೇಲೆ ರಕ್ತ ಇತ್ತು. ಇಬ್ಬರೂ ನೋಡಿದೆವು. ಅವನು ಮಡಚಿ ಸೀಟಿನ ಕೆಳಗಿಟ್ಟ. ಇವನು ಶನಿವಾರದವರೆಗೂ ಇರ್ತಾನಾ ಅಂತ ಅವತ್ತು ಮೊದಲ ಸಲ ಹೆದರಿದೆ.

ಮಧ್ಯಾಹ್ನ ಸತ್ತವರ ಮಗನ ಮುಂದೆ ಕೈಮುಗಿದು ನಿಂತೆ. ಬೈತಾನೆ, ಹೊಡೀತಾನೆ ಅಂತಿದ್ದೆ. ಅತ್ತು ಅತ್ತು ಕೆಂಪಾದ ಕಣ್ಣಲ್ಲಿ ಅವನು ಕೇಳಿದ: "ಅಪ್ಪಂಗೆ ಬಸ್ಸಲ್ಲಿ ತುಮಕೂರಿಗೆ ಹೋದ್ರೇ ವಾಂತಿ ಆಗೋದು ಕಣ್ರೀ. ನೌಕೇಲಿ ಹೆಂಗ್ರೀ ಹೋಯ್ತಾರೆ?"

ಬಾಡಿಗೆ ಮಿಶೀನು

ಶನಿವಾರ ಬಂತು. ಬೆಳಿಗ್ಗೆ ಎದ್ದಾಗ ಅವನ ದನಿಯೇ ಇರಲಿಲ್ಲವಂತೆ. ಬಿಸಿನೀರು, ಕರಿಮೆಣಸು, ಜೇನು ಎಲ್ಲ ಆಗಿ ಸಂಜೆಗೆ ಒಂದಿಷ್ಟು ಹೊರಟಿತು. ಅದು ಅವನ ದನಿಯಾಗಿರಲಿಲ್ಲ. ತಗಡಿನ ಮೇಲೆ ಅರ ಉಜ್ಜಿದ ಹಾಗಿತ್ತು. ಶಾಲೆ ಮೈದಾನದ ವೇದಿಕೆ ಪಕ್ಕ ಬಿದಿರಿನ ಎತ್ತರದ ಅಟ್ಟಣಿಗೆ ಕಟ್ಟಿ ಬೆಳ್ಳಿ ಕಾಗದ ಸುತ್ತಿದ್ದೆವು. ಅವನು ಏಣಿಯ ಒಂದೊಂದೇ ಮೆಟ್ಟಿಲು ನಿಂತು ನಿಂತು ಹತ್ತಿದ.

ಜನ ತುಂಬಿದ್ದರು. ಚಿಕ್ಕನಾಯಕನಹಳ್ಳಿಯಿಂದಲೂ ಬಂದಿದ್ದರು. ಅವನ ಮೊದಲ ಮಾತಿಗೇ ಮೈದಾನ ಗಪ್‌ಚಿಪ್ಪಾಯಿತು. ಕಡಲೆಕಾಯಿ ಸುಲಿಯೋದೂ ನಿಂತಿತು. ಜನ ಅವನ ದನಿ ಕೇಳಲೆಂದೇ ಕೂತಿದ್ದರು, ಆದರೆ ಆ ದನಿ ಅವನದು ಅಂತ ಯಾರಿಗೂ ಗೊತ್ತಾಗಲಿಲ್ಲ.

ಮಧ್ಯಂತರದಲ್ಲಿ ಶಾಮಿಯಾನದ ಅಂಗಡಿಯವನೊಬ್ಬ ಅಟ್ಟಣಿಗೆ ಕೆಳಗೆ ಬಂದು ಕತ್ತೆತ್ತಿದ. "ಅಬ್ಬಬ್ಬ, ಏನ್ ಯಂತ್ರದ್ ದನಿ ಸ್ವಾಮಿ! ಎದೆ ನಡುಗ್ತು. ಆ ಮಿಶೀನು ಸ್ವಂತದ್ದಾ, ಬಾಡಿಗೇದಾ?"

ಬೆಳ್ಳಿ ಕಾಗದದ ಸಂದಿಯಿಂದ ಸ್ಲೇಟು ಕೆಳಗಿಳಿಯಿತು. ಅದರ ಮೇಲೆ ಬರೆದಿತ್ತು: "ಬಾಡಿಗೇದು. ಸೋಮವಾರ ವಾಪಸ್ ಕೊಡಬೇಕು."

ಒಂದೇ ಒಂದು ಮಾತು

ನಾಟಕದ ಕೊನೇ ಮಾತಿನ ಬಗ್ಗೆ ಹಿಂದಿನ ದಿನವೇ ಜಗಳ ಆಗಿತ್ತು. ಕ್ಯಾಪ್ಟನ್ ಯಂತ್ರದ ಸ್ವಿಚ್ಚು ಆರಿಸ್ತಾನೆ. ಯಂತ್ರ ಸಾಯುವಾಗ ಹೇಳಬೇಕು: "ನಾನು ಹೋಗುತ್ತೇನೆ." ಇಡೀ ನಾಟಕ ನಾನು ಬರೆದದ್ದೇ ಆ ಮಾತಿಗೋಸ್ಕರ.

ಕಡೇ ತಾಲೀಮು ನೋಡೋಕೆ ಬಂದಿದ್ದ ಅವನ ಹೆಂಡತಿ ನನ್ನನ್ನ ಅಡ್ಡ ಹಾಕಿದಳು. "ಬುಡ್ತು ಅನ್ನಣ್ಣ! ಹೊಸ್ಲು ದಾಟೋವಾಗ ಹೋಯ್ತೀನಿ ಅಂತಾರಾ ಯಾರಾದ್ರೂ? ಬತ್ತೀನಿ ಅನ್ಬೇಕು. ಆಸ್ಪತ್ರೆಗೆ ಹೋಗೋ ಮನುಷ್ಯನ ಬಾಯಲ್ಲಿ ಎಂಥಾ ಮಾತು ಆಡಿಸ್ತೀಯ!"

"ಹೋಗೋದು ಯಂತ್ರ ಕಣಮ್ಮ, ನಿನ್ ಗಂಡ ಅಲ್ಲ. ಆರಿಸಿದ ಯಂತ್ರ ವಾಪಸ್ ಬರಲ್ಲ. ಬತ್ತೀನಿ ಅಂದ್ರೆ ನಾಟಕಕ್ಕೆ ಅರ್ಥಾನೇ ಇರಲ್ಲ."

"ದನಿ ಯಾರ್ದು?" ಅಂದಳು.

ಬರೆಯೋರ ಸೊಕ್ಕು ನೋಡಿ, ಅವನನ್ನ ಕರೆದು ಹೇಳಿದೆ: "ಬರೆದದ್ದೇ ಹೇಳು. ಒಂದಕ್ಷರ ಆಚೀಚೆ ಮಾಡಿದ್ರೆ ನನ್ ಮುಖ ನೋಡ್ಬೇಡ." ಅವನು ತಲೆಯಾಡಿಸಿದ.

ಈಗ ಆ ಗಳಿಗೆ ಬಂತು. ಯಂತ್ರದ ಸ್ವಿಚ್ಚು ಅಂತ ಕೊಳವೆಬಾವಿ ಮೋಟರಿನ ಸ್ಟಾರ್ಟರ್ ಪೆಟ್ಟಿಗೆ ಇಟ್ಟಿದ್ದೆವು. ಕ್ಯಾಪ್ಟನ್ ಬೆವರು ಸುರಿಸುತ್ತಾ ಕೆಂಪು ಗುಂಡಿ ಒತ್ತಿದ. ದೀಪ ಮಂದವಾಯಿತು. ಮೈಕಲ್ಲಿ ಉಸಿರು ಮಾತ್ರ ಕೇಳ್ತಿತ್ತು. ನಾನು ಅಟ್ಟಣಿಗೆ ಕೆಳಗೆ ಪ್ರತಿ ಹಿಡಿದು ಪಿಸುಗುಟ್ಟಿದೆ: "ಹೋಗುತ್ತೇನೆ... ಹೋಗುತ್ತೇನೆ ಅನ್ನಯ್ಯ..."

ಉಸಿರು ನಿಂತಿತು. ಎಲ್ಲಿತ್ತೋ ಏನೋ, ಮೂವತ್ತು ವರ್ಷದ ಅದೇ ಹಳೇ ದನಿ, ತುಂಬಿದ ದನಿ, ಮೈದಾನದ ಮೇಲೆ ಹಾಯಿತು.

"ಬತ್ತೀನಿ ಕಣ್ರಪ್ಪಾ!"

ಆಗ ಗುರುತು ಸಿಕ್ಕಿತು ಊರಿಗೆ. ಯಾರೂ ಯಾರನ್ನೂ ಕೇಳಲಿಲ್ಲ. ಮನೆಯಿಂದ ಹೊರಟೋರಿಗೆ ಹೇಳೋ ಅಭ್ಯಾಸ ಅಲ್ಲವಾ, ಇಡೀ ಮೈದಾನ ಒಂದೇ ಬಾಯಲ್ಲಿ ಅಂದಿತು: "ಹ್ಞೂಂ, ಹೋಗ್ಬುಟ್ಟು ಬಾಪ್ಪಾ!" ಈಗಷ್ಟೇ ಅದನ್ನ ಕೊಂದ ಕ್ಯಾಪ್ಟನ್ ಕೂಡ ಪಾತ್ರ ಮರೆತು ಕೈ ಎತ್ತಿ, "ಹುಷಾರಾಗ್ ಹೋಗ್ಬುಟ್ಟು ಬಾ ಕಣ್ಲಾ!" ಅಂದ.

ಸತ್ತ ಯಂತ್ರ ಉತ್ತರ ಕೊಟ್ಟಿತು. "ಆಯ್ತು. ನೀವೆಲ್ಲ ಉಂಡ್ಕಳಿ. ನನಗೋಸ್ಕರ ಕಾಯ್ಕಂಡ್ ಕೂತ್ಕಬೇಡಿ."

ಅವನು ಮೈಕಲ್ಲಿ ಆಡಿದ ಕಡೇ ಮಾತು ಅದು. ಜನ ಬಿದ್ದು ಬಿದ್ದು ನಕ್ಕರು. ನಾನು ಪ್ರತಿಯನ್ನ ಮುಖಕ್ಕೆ ಒತ್ತಿಕೊಂಡು ಅಲ್ಲೇ ಅತ್ತೆ.

ನಗು ಇನ್ನೂ ಇಳಿದಿರಲಿಲ್ಲ, ಮುಂದಿನ ಸಾಲಲ್ಲಿ ಅವನ ಹೆಂಡತಿ ಎದ್ದು ನಿಂತಳು. ಅಟ್ಟಣಿಗೆ ಕಡೆ ಬೆರಳು ತೋರಿಸಿ, ಮೈಕಿಲ್ಲದೆ, ಮೈದಾನದ ಆ ತುದಿಗೂ ಕೇಳೋ ಹಾಗೆ ಕೂಗಿದಳು: "ಕಾಯದೆ ಇನ್ನೇನ್ ಮಾಡ್ಲಿ? ಮುದ್ದೆ ಎಸ್ರಿಗೆ ನೀರ್ ಅಳ್ದು ಇಟ್ ಬಂದಿವ್ನಿ! ಇಳ್ದು ನೆಟ್ಟಗ್ ಮನೇಗ್ ನಡಿ!"

ಎರಡು ಗಂಟೆ ಕ್ಯಾಪ್ಟನ್ನಿನ ಒಂದು ಆಜ್ಞೆಗೂ ಬಗ್ಗದ ಯಂತ್ರ, ಬೆಳ್ಳಿ ಕಾಗದ ಹರಿದುಕೊಂಡು ಹೊರಗೆ ಬಂತು. ಏಣಿ ಇಳಿದು, ಚಪ್ಪಲಿ ಹುಡುಕಿ ಮೆಟ್ಟಿಕೊಂಡು, ತುಟಿ ಪಿಟಕ್ಕೆನ್ನದೆ ಅವಳ ಹಿಂದೆ ಹೊರಟಿತು.