ತೊರೆಗೆ ಅಡ್ಡ ನಿಂತ ಓವರ್‌ಕೋಟು

ಹವ್ಯಾಸ ಎನ್ನುವುದು ಎರಡು ತಲೆಮಾರು ಉಂಡುಟ್ಟು ಸುಖವಾಗಿದ್ದ ಮನೆಯವರಿಗೆ ತಾನಾಗಿ ಬರುವ ಸಂಗತಿ ಎಂದು ನನ್ನ ನಂಬಿಕೆ. ನನ್ನಂಥವರಿಗೆ ಅದು ಇರುವುದು ಬಯೋಡೇಟಾದಲ್ಲಿ ಮಾತ್ರ. ನಮ್ಮ ಮನೆತನದಲ್ಲಿ ಡಿಗ್ರಿ ಎಂಬುದನ್ನು ಮೊದಲು ಮುಟ್ಟಿದವನು ನಾನು. ಅಪ್ಪನ ಹಿಟ್ಟಿನ ಗಿರಣಿಯ ಸದ್ದಿನಲ್ಲಿ ಕೂತು, ಪುಸ್ತಕದ ಮೇಲಿನ ಹಿಟ್ಟು ಊದಿಕೊಂಡು ಓದಿದವನು. ಇದನ್ನು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ, ಯಾರೂ ಕೇಳದಿದ್ದರೂ ಹೇಳುತ್ತೇನೆ. ಆದರೆ ಜರ್ಮನಿಯವರು ಗ್ರೀನ್ ಕಾರ್ಡ್ ಕೊಡುತ್ತೇವೆ ಬನ್ನಿ ಎಂದು ಕಂಪ್ಯೂಟರ್ ಓದಿದವರನ್ನೆಲ್ಲ ಕರೆಯುತ್ತಿದ್ದ ಆ ವರ್ಷಗಳಲ್ಲಿ ನಾನು ಸೇಂಟ್ ಲಿಯೋನ್-ರೋಟ್ ಎಂಬ ಊರಿನ ಆಫೀಸೊಂದಕ್ಕೆ ಬಂದಿಳಿದಾಗ, ಊಟದ ಟೇಬಲ್ಲಿನಲ್ಲಿ ಒಬ್ಬರಾದರೂ ನನ್ನ ಡಿಗ್ರಿಯನ್ನು ಕೇಳಬೇಕಲ್ಲ? ಕೇಳಿದ್ದು ಹವ್ಯಾಸವನ್ನು. ಒಬ್ಬ ಬೆಟ್ಟ ಹತ್ತುತ್ತಾನಂತೆ, ಒಬ್ಬಾಕೆ ಜೇನು ಸಾಕುತ್ತಾಳಂತೆ. ನನ್ನ ಸರದಿ ಬಂದಾಗ ಬಾಯಿಂದ "ಫೋಟೋಗ್ರಫಿ" ಎಂದು ಬಂದುಬಿಟ್ಟಿತು. ಆಗ ನನ್ನ ಹತ್ತಿರ ಕ್ಯಾಮೆರಾ ಕೂಡ ಇರಲಿಲ್ಲ.

ಎದುರಿಗೆ ಕೂತಿದ್ದ ಡೀಟರ್ ಎಂಬ ಸಹೋದ್ಯೋಗಿಯ ಮುಖ ಅರಳಿತು. ಅವನಿಗೂ ಅದೇ ಹುಚ್ಚಂತೆ. ಮರುದಿನವೇ ತನ್ನ ಆಲ್ಬಮ್ ತಂದುಕೊಟ್ಟು, ಮನೆಗೆ ಒಯ್ದು ನಿಧಾನವಾಗಿ ನೋಡಿ ಎಂದ. ಒಯ್ದೆ. ಬೆಟ್ಟ, ಮಂಜು, ಮರ, ನೀರು. ಮತ್ತೆ ಬೆಟ್ಟ, ಮಂಜು, ಮರ, ನೀರು. ನನ್ನ ಹೆಂಡತಿ ಗಿರಿಜಾ ಮೊದಲ ಪುಟದಿಂದ ಕೊನೆಯ ಪುಟದವರೆಗೆ ತಿರುವಿ ಹಾಕಿ, "ಅಯ್ಯ ಪಾಪ, ಇಷ್ಟೆಲ್ಲಾ ಊರು ತಿರುಗ್ಯಾನ. ಒಂದು ಕಡೆನೂ ಇವನ ಫೋಟೋ ತಗಿಯೋ ಮಂದಿ ಸಿಕ್ಕಿಲ್ಲ ನೋಡ್ರಿ," ಎಂದು ಮರುಗಿದಳು. ನಾನೂ ಹೌದೆಂದು ತಲೆಯಾಡಿಸಿದೆ.

ಇಲ್ಲಿ ಗದಗಿನ ಸ್ಟುಡಿಯೋದ ವಿಷಯ ಹೇಳದಿದ್ದರೆ ಮುಂದಿನದು ನಿಮಗೆ ಅರ್ಥವಾಗಲಿಕ್ಕಿಲ್ಲ. ಡಿಗ್ರಿ ಬಂದಾಗ ಅವ್ವ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದಳು. ಸ್ಟುಡಿಯೋದವನದೇ ಕಪ್ಪು ಗೌನು, ಅವನದೇ ಟೊಪ್ಪಿಗೆ, ಸುರುಳಿ ಸುತ್ತಿದ ಒಂದು ಕಾಗದ. ಹಿಂದೆ ಬಣ್ಣ ಬಳಿದ ಪರದೆ: ಹಿಮ ಮುಚ್ಚಿದ ಬೆಟ್ಟ, ಚೂಪು ಮರಗಳು, ನಡುವೆ ಹರಿಯುವ ಹಳ್ಳ. ಗದಗಿನಲ್ಲಿ ಹಿಮ ಯಾಕೆ ಎಂದು ಯಾರೂ ಕೇಳುತ್ತಿರಲಿಲ್ಲ. ಮದುವೆಯಾದವರೂ, ಪಾಸಾದವರೂ, ಜಾವಳ ತೆಗೆಸಿದ ಬೋಳುತಲೆಯ ಕೂಸುಗಳೂ ಅದೇ ಹಿಮದ ಮುಂದೆ ನಿಂತವರೇ. ಮೂರು ಕಾಲಿನ ಮೇಲೆ ಕ್ಯಾಮೆರಾ ಕಂಡರೆ ಮಾಡುವ ಕೆಲಸ ಒಂದೇ: ತಲೆ ಬಾಚಿಕೋ, ಗುಂಡಿ ಹಾಕಿಕೋ, ಪರದೆಯ ನಡುಮಧ್ಯೆ ಹೋಗಿ ಉಸಿರು ಬಿಗಿಹಿಡಿದು ನಿಲ್ಲು.

ಆ ವರ್ಷ ಜನವರಿಯಲ್ಲಿ ಒಂದು ಶನಿವಾರ ಡೀಟರ್ ನಮ್ಮಿಬ್ಬರನ್ನೂ ಕಾರಿನಲ್ಲಿ ಶ್ವಾರ್ಟ್ಸ್‌ವಾಲ್ಡ್ ಕಾಡಿಗೆ, ಫೆಲ್ಡ್‌ಬೆರ್ಗ್ ಬೆಟ್ಟದ ಕಡೆಗೆ ಕರೆದೊಯ್ದ. ಗಿರಿಜಾ ಚಪಾತಿ, ಶೇಂಗಾ ಚಟ್ನಿ ಕಟ್ಟಿಕೊಂಡಿದ್ದಳು. ದಾರಿಯಲ್ಲಿ ಡೀಟರ್ ಎಲ್ಲವನ್ನೂ ಬಿಡಿಸಿ ಹೇಳಿದ. ಅವನ ಅಪ್ಪ ಅಲ್ಲಿ ಅರಣ್ಯ ಇಲಾಖೆಯಲ್ಲಿದ್ದವರು. ಈಗ ವೃದ್ಧಾಶ್ರಮದಲ್ಲಿ ಮಲಗಿದ್ದಾರೆ, ನಡೆಯಲಾಗುವುದಿಲ್ಲ. ಚಿಕ್ಕಂದಿನಲ್ಲಿ ಇವನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದ ಒಂದು ತೊರೆ ಇದೆ. ಅದನ್ನು ಹೊಸ ಹಿಮ ಬಿದ್ದು ಯಾರೂ ಕಾಲಿಡುವ ಮೊದಲು ಹೇಗಿರುತ್ತದೋ ಹಾಗೆ ಫೋಟೋದಲ್ಲಾದರೂ ನೋಡಬೇಕು ಎನ್ನುವುದೊಂದೇ ಮುದುಕರ ಆಸೆ. ತಿಂಗಳ ಕೊನೆಗೆ ಅವರ ಹುಟ್ಟುಹಬ್ಬ. ಹೋದ ಎರಡು ಚಳಿಗಾಲದಲ್ಲಿ ಸರಿಯಾಗಿ ಹಿಮವೇ ಬಿದ್ದಿರಲಿಲ್ಲ, ಈ ಸಲ ಬಿದ್ದಿದೆ. ಅವನು ಹೇಳಿದ್ದೆಲ್ಲ ನನಗೆ ಅರ್ಥವಾಗಿತ್ತು. ನಾಚಿಕೆಯಾಗುವುದು ಅದಕ್ಕೇ. ಅರ್ಥವಾಗಿರಲಿಲ್ಲ ಎಂದು ತಪ್ಪಿಸಿಕೊಳ್ಳಲೂ ದಾರಿಯಿಲ್ಲ.

ಕಾಡಿನೊಳಗೆ ಒಂದಷ್ಟು ದೂರ ನಡೆದು ತಿರುವಿನಲ್ಲಿ ನಿಂತಾಗ ನಾನು ಬೆಚ್ಚಿಬಿದ್ದೆ. ಅದೇ ಪರದೆ! ಅದೇ ಬಿಳಿ ಬೆಟ್ಟ, ಅದೇ ಚೂಪು ಮರ, ನಡುವೆ ಕಲ್ಲಿನಿಂದ ಕಲ್ಲಿಗೆ ಧುಮುಕುವ ಹಳ್ಳ. ಡೀಟರ್ ಮೂರು ಕಾಲಿನ ಸ್ಟ್ಯಾಂಡ್ ಊರಿ, ಕ್ಯಾಮೆರಾ ಕೂರಿಸಿ, ತಲೆ ಬಗ್ಗಿಸಿ ಚೀಲದಲ್ಲಿ ಏನೋ ಹುಡುಕತೊಡಗಿದ. ಮೊದಲು ಅತಿಥಿಗಳ ಫೋಟೋ, ಆಮೇಲೆ ಅಪ್ಪನಿಗೆ ಬೇಕಾದ ತೊರೆಯದು ಎಂದು ನನ್ನ ತಲೆ ತಾನೇ ಲೆಕ್ಕ ಹಾಕಿತು. ಅವನನ್ನು ಕಾಯಿಸಬಾರದಲ್ಲ? "ಬಾ ಲಗೂನ, ತಯಾರಾಗ್ಯಾನ," ಎಂದು ಗಿರಿಜಾಳ ಕೈ ಹಿಡಿದು, ಮೊಣಕಾಲುದ್ದದ ಹಿಮದಲ್ಲಿ ದಬದಬ ತುಳಿದುಕೊಂಡು ಹೋಗಿ, ನೀರು ಧುಮುಕುವ ಕಡೆಗೆ ಬೆನ್ನು ಮಾಡಿ ನಡುಮಧ್ಯೆ ನಿಂತೆ. ಬೆಂಗಳೂರಿನಲ್ಲಿ ಜರ್ಮನಿಗೆಂದೇ ಕೊಂಡ, ಪಾದ ಮುಟ್ಟುವ ಓವರ್‌ಕೋಟಿನ ಗುಂಡಿಗಳನ್ನೆಲ್ಲ ಹಾಕಿಕೊಂಡೆ.

ಡೀಟರ್ ತಲೆಯೆತ್ತಿದ. "ನೀವು ನನ್ನ ಚಿತ್ರದೊಳಗೆ ನಿಂತಿದ್ದೀರಿ," ಎಂದ.

"ಹೌದು, ರೆಡಿ!" ಎಂದೆ ನಾನು.

ಅವನು ಬೈಯಲಿಲ್ಲ. ನಾವು ನಡೆದು ಬಂದ ದಾರಿಯನ್ನೇ ನೋಡುತ್ತ ನಿಂತ. ಆಗ ನಾನೂ ಅತ್ತ ನೋಡಿದೆ. ಎಮ್ಮೆ ಹಿಂಡು ಹಾಯ್ದುಹೋದ ಹಾಗಿತ್ತು. ಹಿಮ ಒಮ್ಮೆ ತುಳಿದರೆ ಮುಗಿಯಿತು ಎಂಬುದು ನನ್ನಂಥ ಓದಿದವನಿಗೆ ಆ ಕ್ಷಣದವರೆಗೆ ಹೊಳೆದಿರಲಿಲ್ಲ. ನಮ್ಮ ಕಡೆ ತುಳಿದ ಅಂಗಳ ಮರುದಿನ ಬೆಳಿಗ್ಗೆ ಮತ್ತೆ ಹೊಸದಾಗುತ್ತದಲ್ಲ! ಗಾಬರಿಯಲ್ಲಿ ಇನ್ನೊಂದು ಸಾಲು ಹೆಜ್ಜೆ ಮೂಡಿಸಿಕೊಂಡು ಓಡಿಬಂದೆವು. ಗಿರಿಜಾ ನನಗಿಂತ ಚುರುಕು. "ಅಷ್ಟಕ್ಯಾಕ ಮುಖ ಸಣ್ಣ ಮಾಡ್ತೀರಿ, ತಡೀರಿ," ಎಂದವಳೇ ಮುರಿದು ಬಿದ್ದ ಒಂದು ಟೊಂಗೆ ಹಿಡಿದು, ಸೆರಗು ಸಿಕ್ಕಿಸಿ, ಹಿಂದಹಿಂದಕ್ಕೆ ಬರುತ್ತ ಹಿಮ ಗುಡಿಸತೊಡಗಿದಳು. ನಾನು ಹೆಜ್ಜೆ ಬಿದ್ದ ಗುಂಡಿಗಳನ್ನು ಕೈಯಿಂದ ತುಂಬಿ ಸಾರಿಸಿದೆ. ಮುಗಿದಾಗ ಆ ಕಾಡಿನ ನಡುವೆ ಚೊಕ್ಕಟವಾದ, ಗೆರೆಗೆರೆ ಪೊರಕೆ ಗುರುತಿನ ನಮ್ಮೂರ ಅಂಗಳ ತಯಾರಾಗಿತ್ತು. ರಂಗೋಲಿಯೊಂದು ಬಾಕಿ. "ಈಗ ಸ್ವಚ್ಛ ಆತು ನೋಡ್ರಿ," ಎಂದಳು ಗಿರಿಜಾ.

ಡೀಟರ್ ಬಹಳ ಹೊತ್ತು ನೋಡಿದ. "ಮತ್ತೆ ಅಲ್ಲೇ ಹೋಗಿ ನಿಲ್ಲಿ," ಎಂದ. "ಆ ಗೆರೆಗಳಿಗೆ ಏನಾದರೂ ಒಂದು ಕಾರಣ ಕಾಣಬೇಕಲ್ಲ. ಬೆಳಕೂ ಹೋಗುತ್ತಿದೆ."

ಅಷ್ಟು ನಾಚಿಕೆಯಲ್ಲೂ ನಾನು ಹೋಗಿ ಉಸಿರು ಬಿಗಿಹಿಡಿದು ನಿಂತೆ. ಚಪಾತಿ ಯಾರಿಗೂ ಸೇರಲಿಲ್ಲ.

ಮರುವಾರ ಡೀಟರ್ ಒಬ್ಬನೇ ಹೋಗಬೇಕೆಂದಿದ್ದ. ಮಳೆ ಹೊಡೆದು ಹಿಮವೆಲ್ಲ ಕೆಸರಾಯಿತು. ಆ ಒಂದು ಫೋಟೋವೇ ಉಳಿಯಿತು. ನಮಗೂ ಒಂದು ಪ್ರತಿ ಕೊಟ್ಟ, ನಾನು ಊರಿಗೆ ಕಳಿಸಿದೆ. ಅವ್ವ ಫೋನಿನಲ್ಲಿ ಸಿಟ್ಟಾಗಿದ್ದಳು. "ಗದಗಕ್ಕ ಬಂದು ಸ್ಟುಡಿಯೋದಾಗ ಫೋಟೋ ತಗಿಸಿಕೊಂಡು, ಮನೀಗೆ ಬರಲಾರದಂಗ ಹೋದ್ರೇನು?" ಇದು ನಿಜವಾದ ಬೆಟ್ಟ ಎಂದು ನಂಬಿಸಲು ಫೋನ್ ಕಾರ್ಡಿನಲ್ಲಿದ್ದ ದುಡ್ಡೆಲ್ಲ ಮುಗಿಯಿತು.

ಹುಟ್ಟುಹಬ್ಬದ ದಿನ ಡೀಟರ್ ನಮ್ಮನ್ನೂ ವೃದ್ಧಾಶ್ರಮಕ್ಕೆ ಕರೆದ. ಬೇಡವೆನ್ನುವ ಧೈರ್ಯ ನನಗಿರಲಿಲ್ಲ. ಅದೇ ಓವರ್‌ಕೋಟು ಹಾಕಿಕೊಂಡು ಮಂಚದ ಕಾಲಬುಡದಲ್ಲಿ ನಿಂತೆ. "ಅಪ್ಪಾ, ಇವರು ನನ್ನ ಸಹೋದ್ಯೋಗಿ. ಇವರಿಗೂ ಫೋಟೋಗ್ರಫಿಯ ಹವ್ಯಾಸ," ಎಂದು ಡೀಟರ್ ಪರಿಚಯಿಸಿದಾಗ ನೆಲ ಬಾಯಿಬಿಡಬಾರದೇ ಎನಿಸಿತು. ಮುದುಕರು ಕನ್ನಡಕ ಹಾಕಿಕೊಂಡು ಫೋಟೋವನ್ನು ಮೂಗಿನ ಹತ್ತಿರ ಹಿಡಿದರು. ದೂರ ಹಿಡಿದರು. ಬದಿಯಿಂದ ಇಣುಕಿದರು. ಕೊನೆಗೆ, ನೊಣ ಓಡಿಸುವ ಹಾಗೆ ಎರಡು ಬೆರಳು ಆಡಿಸಿ ಮೆಲ್ಲಗೆ ಹೇಳಿದರು: "ಸ್ವಲ್ಪ ಪಕ್ಕಕ್ಕೆ ಸರಿಯಪ್ಪ. ನೀರು ಧುಮುಕುವುದು ನಿನ್ನ ಕೋಟಿನ ಹಿಂದೆಯೇ."

ನಾನು ಕ್ಷಮೆ ಕೇಳಿ, ಗಿರಿಜಾಳನ್ನೂ ಎಳೆದುಕೊಂಡು, ಥಟ್ಟನೆ ಎರಡು ಹೆಜ್ಜೆ ಪಕ್ಕಕ್ಕೆ ಸರಿದೆ. ಮುದುಕರು ನನ್ನ ಕಡೆ ನೋಡಲೇ ಇಲ್ಲ. ಫೋಟೋದಲ್ಲಿದ್ದವನು ಇನ್ನೇನು ಸರಿಯಬಹುದು ಎಂದು ಕಾಯುತ್ತಿದ್ದರು. ಅವನೋ, ಕುತ್ತಿಗೆಯವರೆಗೆ ಗುಂಡಿ ಹಾಕಿಕೊಂಡು, ಡಿಗ್ರಿ ಬಂದವನ ಹಾಗೆ ನಿಂತೇ ಇದ್ದ.